ಕೆರೆಯ ವಿಸ್ತೀರ್ಣವೂ ಬ್ರೌಸರಿನ ಭೂಪಟವೂ

ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಇನ್ನು ನಾಲ್ಕೇ ದಿನಗಳಿದ್ದಾಗ ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬನು ದೊಡ್ಡದೊಂದು ರಟ್ಟಿನ ಹಲಗೆಯನ್ನು ಹೊತ್ತು ನನ್ನ ಕೊಠಡಿಗೆ ಬಂದನು. ಅದರ ಮೇಲೆ ಅವನ ಊರಿನ ಕೆರೆಯ ಎರಡು ನಕ್ಷೆಗಳಿದ್ದುವು. ಒಂದು ೨೦೧೬ನೆಯ ಇಸವಿಯದು, ಇನ್ನೊಂದು ೨೦೨೪ರದು. ಮೊದಲನೆಯದರ ಕೆಳಗೆ ೭೯.೯ ಹೆಕ್ಟೇರ್ ಎಂದೂ ಎರಡನೆಯದರ ಕೆಳಗೆ ೭೫.೬ ಹೆಕ್ಟೇರ್ ಎಂದೂ ಬರೆದಿದ್ದನು. ಎರಡರ ನಡುವೆ ಕೆಂಪು ಮಸಿಯಲ್ಲಿ, ‘ಎಂಟು ವರ್ಷಗಳಲ್ಲಿ ಹತ್ತೂವರೆ ಎಕರೆ ಕೆರೆ ಒತ್ತುವರಿ’ ಎಂಬ ತಲೆಬರಹ.

ಪ್ರದರ್ಶನ ಮುಗಿದ ಮೇಲೆ ಈ ಹಲಗೆಯನ್ನು ಗ್ರಾಮಸಭೆಯ ಮುಂದಿಡಬೇಕೆಂಬುದು ಅವನ ಆಸೆ. ಕೆರೆಯ ಮೂಡಲ ಅಂಚಿನಲ್ಲಿ ಮೂರು ಮನೆತನದವರು ರಾಗಿ ಬೆಳೆಯುತ್ತಾರೆ. ಹಲಗೆಯ ಮೇಲೆ ಅವರ ಹೆಸರನ್ನು ಬರೆದಿರಲಿಲ್ಲವಾದರೂ ಊರಿನವರು ಯಾರೇ ನೋಡಿದರೂ ಬೆರಳು ಅವರ ಕಡೆಗೇ ಹೋಗುವಂತಿತ್ತು. “ಅಳತೆಯನ್ನು ಹೇಗೆ ಮಾಡಿದೆಯಪ್ಪ?” ಎಂದು ಕೇಳಿದೆನು. “ಎಲ್ಲ ಬ್ರೌಸರಿನಲ್ಲೇ ಸಾರ್, ಒಂದು ಪೈಸೆಯೂ ಖರ್ಚಾಗಲಿಲ್ಲ” ಎಂದನು.

ಅವನ ಮಾತು ನಿಜವೇ. ಅಮೆರಿಕದ ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲನೆಯ ಉಪಗ್ರಹ ೧೯೭೨ರಲ್ಲಿ ಕಕ್ಷೆಗೆ ಏರಿತು. ಆದರೆ ಅದು ಕಳುಹಿಸಿದ ಚಿತ್ರಗಳು ಬಹುಕಾಲ ಹಣವಂತರ ಸೊತ್ತಾಗಿದ್ದುವು. ಲ್ಯಾಂಡ್‌ಸ್ಯಾಟ್ ೭ರ ಒಂದು ಚಿತ್ರಕ್ಕೆ ಸುಮಾರು ೬೦೦ ಡಾಲರ್ ತೆರಬೇಕಿದ್ದ ಕಾಲವಿತ್ತು. ೨೦೦೮ರಲ್ಲಿ ಆ ಸಂಗ್ರಹವನ್ನು ಎಲ್ಲರಿಗೂ ಉಚಿತವಾಗಿ ತೆರೆದರು. ೨೦೧೫ರಿಂದ ಯುರೋಪಿನ ಸೆಂಟಿನೆಲ್-೨ ಉಪಗ್ರಹಗಳ ಚಿತ್ರಗಳೂ ಹಾಗೆಯೇ ದೊರೆಯುತ್ತಿವೆ. ಅವನ್ನು ಕೊಪರ್ನಿಕಸ್ ಬ್ರೌಸರ್ ಎಂಬ ತಾಣದಲ್ಲಿ ದಿನಾಂಕವನ್ನು ಆರಿಸಿ ನೋಡಬಹುದು. ನಮ್ಮ ಇಸ್ರೋ ಸಂಸ್ಥೆಯ ‘ಭುವನ್’ ೨೦೦೯ರಲ್ಲಿ ಆರಂಭವಾಯಿತು. ೨೦೦೪ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಭೂಪಟವನ್ನು ಜಗತ್ತಿನ ಸಾಮಾನ್ಯ ಜನರೇ ಸೇರಿ ಬರೆಯುತ್ತಿದ್ದಾರೆ. ಗೆರೆ ಎಳೆದು ಆಕಾರವನ್ನು ಗುರುತಿಸಲು ಜಿಯೋಜೇಸನ್ ಡಾಟ್ ಐಒ, ಆಕಾರವನ್ನು ತಿದ್ದಲು ಮತ್ತು ಸರಳಗೊಳಿಸಲು ಮ್ಯಾಪ್‌ಶೇಪರ್, ಓಪನ್‌ಸ್ಟ್ರೀಟ್‌ಮ್ಯಾಪಿನಿಂದ ಬೇಕಾದ ವಸ್ತುಗಳನ್ನಷ್ಟೇ ಹೆಕ್ಕಲು ಓವರ್‌ಪಾಸ್ ಟರ್ಬೊ, ಹೀಗೆ ಸಾಧನಗಳು ಹಲವಿವೆ. ಇವು ಯಾವುದನ್ನೂ ಕಂಪ್ಯೂಟರಿನಲ್ಲಿ ಸ್ಥಾಪಿಸಬೇಕಾಗಿಲ್ಲ. ಬ್ರೌಸರನ್ನು ತೆರೆದರೆ ಸಾಕು.

ಸಾಧನಗಳು ಒಳ್ಳೆಯವು, ವಿದ್ಯಾರ್ಥಿಯೂ ಶ್ರದ್ಧೆಯುಳ್ಳವನು. ಆದರೂ ಹಲಗೆಯ ಮೇಲಿನ ತಲೆಬರಹ ತಪ್ಪಾಗಿತ್ತು. ಆ ತಪ್ಪು ಎಲ್ಲಿಂದ ಬಂದಿತೆಂಬುದನ್ನು ತಿಳಿಯಬೇಕಾದರೆ, ನಾವು ತೆರೆಯ ಮೇಲೆ ಎಳೆದ ಗೆರೆಯನ್ನು ಬ್ರೌಸರ್ ಏನೆಂದು ತಿಳಿಯುತ್ತದೆ ಎಂಬಲ್ಲಿಂದ ಆರಂಭಿಸಬೇಕು.

ಕೆರೆಯ ಅಂಚಿನ ಸುತ್ತ ನಾವು ಒಂದೊಂದಾಗಿ ಬಿಂದುಗಳನ್ನು ಒತ್ತುತ್ತಾ ಬಂದು ಕೊನೆಯ ಬಿಂದುವನ್ನು ಮೊದಲನೆಯದಕ್ಕೆ ಸೇರಿಸಿದರೆ ಒಂದು ಬಹುಭುಜ ಉಂಟಾಗುತ್ತದೆ. ನಮ್ಮ ಕಣ್ಣಿಗೆ ಅದು ಚಿತ್ರ. ಬ್ರೌಸರಿಗೆ ಮಾತ್ರ ಅದು ಅಂಕಿಗಳ ಪಟ್ಟಿ. ಪ್ರತಿಯೊಂದು ಬಿಂದುವಿಗೂ ಎರಡು ಅಂಕಿಗಳು, ರೇಖಾಂಶ ಮತ್ತು ಅಕ್ಷಾಂಶ. ಈ ಪಟ್ಟಿಯನ್ನು ಬರೆಯುವ ಒಂದು ಸರ್ವಸಮ್ಮತ ಕ್ರಮಕ್ಕೆ ಜಿಯೋಜೇಸನ್ ಎಂದು ಹೆಸರು. ಅದರಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ನಾವು ಭೂಗೋಳದ ಪಾಠದಲ್ಲಿ ಹೇಳುವುದು ಇದಕ್ಕೆ ತಿರುಗುಮುರುಗು. ಬೆಂಗಳೂರಿನ ಸ್ಥಾನವನ್ನು ೭೭.೬, ೧೨.೯೭ ಎಂದು ಬರೆಯುವುದರ ಬದಲು ೧೨.೯೭, ೭೭.೬ ಎಂದು ಬರೆದುಬಿಟ್ಟರೆ ಬೆಂಗಳೂರು ಉತ್ತರಧ್ರುವದ ದಾರಿಯಲ್ಲಿ, ಸ್ವಾಲ್ಬಾರ್ಡ್ ದ್ವೀಪಗಳ ಪಶ್ಚಿಮದ ಕಡಲಿನಲ್ಲಿ ಮುಳುಗುತ್ತದೆ. ಈ ತಪ್ಪು ಒಳ್ಳೆಯ ತಪ್ಪು; ಏಕೆಂದರೆ ಅದು ಕೂಡಲೇ ಕಣ್ಣಿಗೆ ಬೀಳುತ್ತದೆ. ನಮ್ಮ ವಿದ್ಯಾರ್ಥಿಗೆ ಬಂದೊದಗಿದುದು ಕಣ್ಣಿಗೆ ಬೀಳದಂತಹ ತಪ್ಪು.

ಅಂಶಗಳೆಂದರೆ ಕೋನಗಳಷ್ಟೆ, ಉದ್ದವಲ್ಲ. ಒಂದು ಅಂಶ ಅಕ್ಷಾಂಶಕ್ಕೆ ನೆಲದ ಮೇಲೆ ಸುಮಾರು ೧೧೧ ಕಿಲೋಮೀಟರ್ ದೂರ. ರೇಖಾಂಶದ ಒಂದು ಅಂಶವೂ ಭೂಮಧ್ಯರೇಖೆಯ ಮೇಲೆ ಅಷ್ಟೇ ಇರುತ್ತದೆ; ಆದರೆ ಉತ್ತರಕ್ಕೆ ಹೋದಂತೆಲ್ಲ ರೇಖಾಂಶದ ಗೆರೆಗಳು ಒಂದನ್ನೊಂದು ಸಮೀಪಿಸುವುದರಿಂದ, ೧೩ ಅಂಶದ ಅಕ್ಷಾಂಶದಲ್ಲಿ ಅದು ಸುಮಾರು ೧೦೮.೫ ಕಿಲೋಮೀಟರಿಗೆ ಇಳಿಯುತ್ತದೆ. ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅಂಶದ ದಶಮಾಂಶದಲ್ಲಿ ಐದನೆಯ ಸ್ಥಾನವೆಂದರೆ ನೆಲದ ಮೇಲೆ ಸುಮಾರು ೧.೧ ಮೀಟರ್. ವಿದ್ಯಾರ್ಥಿಗಳು ತಂದೊಪ್ಪಿಸುವ ಪಟ್ಟಿಗಳಲ್ಲಿ ದಶಮಾಂಶದ ಮುಂದೆ ಹದಿಮೂರು, ಹದಿನಾಲ್ಕು ಅಂಕಿಗಳಿರುವುದನ್ನು ನೋಡಿದ್ದೇನೆ. ಹದಿಮೂರನೆಯ ಸ್ಥಾನದ ಬೆಲೆ ಮಿಲಿಮೀಟರಿನ ಒಂದು ಲಕ್ಷದ ಒಂದು ಭಾಗದಷ್ಟು! ಕೆರೆಯ ದಡದಲ್ಲಿ ಒಂದು ಎಮ್ಮೆ ಇಳಿದು ನಡೆದರೂ ಅಂಚು ಅದಕ್ಕಿಂತ ಹೆಚ್ಚಾಗಿ ಕದಲುತ್ತದೆ.

ಇನ್ನು ತೆರೆಯ ಮೇಲಿನ ಭೂಪಟದ ವಿಷಯ. ತೆರೆ ಸಮತಲ, ಭೂಮಿ ಗೋಳ. ಗೋಳದ ಮೈಯನ್ನು ಎಲ್ಲಿಯೂ ಎಳೆಯದೆ, ಹಿಗ್ಗಿಸದೆ, ಹರಿಯದೆ ಸಮತಲಕ್ಕೆ ಅಂಟಿಸಲಾಗದು. ಕಿತ್ತಳೆಯ ಸಿಪ್ಪೆಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಒತ್ತಿದವರಿಗೆಲ್ಲ ಇದು ಗೊತ್ತಿದೆ. ಆದುದರಿಂದ ಪ್ರತಿಯೊಂದು ಭೂಪಟದ ಹಿಂದೆಯೂ ಒಂದು ಒಪ್ಪಂದವಿರುತ್ತದೆ: ಇದನ್ನು ಉಳಿಸಿಕೊಳ್ಳುತ್ತೇನೆ, ಅದನ್ನು ಬಿಟ್ಟುಕೊಡುತ್ತೇನೆ ಎಂದು. ಈ ಒಪ್ಪಂದಕ್ಕೆ ಪ್ರಕ್ಷೇಪವೆಂದು ಹೆಸರು. ಬ್ರೌಸರಿನ ಭೂಪಟಗಳಲ್ಲಿ ಬಹುಪಾಲು ಬಳಸುವ ಪ್ರಕ್ಷೇಪ ಮರ್ಕೇಟರನದು. ಫ್ಲಾಂಡರ್ಸಿನ ಗೆರಾರ್ಡಸ್ ಮರ್ಕೇಟರನು ಅದನ್ನು ೧೫೬೯ರಲ್ಲಿ ನಾವಿಕರಿಗಾಗಿ ರಚಿಸಿದನು. ೨೦೦೫ರಲ್ಲಿ ಗೂಗಲ್ ಸಂಸ್ಥೆ ತನ್ನ ಭೂಪಟಕ್ಕೆ ಅದರ ಒಂದು ಸರಳರೂಪವನ್ನು ಆರಿಸಿಕೊಂಡಿತು. ಉಳಿದವರೂ ಅದನ್ನೇ ಅನುಸರಿಸಿದರು. ಈ ರೂಪವನ್ನು ವೆಬ್ ಮರ್ಕೇಟರ್ ಎನ್ನುತ್ತಾರೆ.

ನಾಲ್ಕೂವರೆ ಶತಮಾನಗಳ ಹಿಂದಿನ ನಾವಿಕರ ಭೂಪಟ ಇಂದಿನ ಕೈಫೋನಿಗೆ ಏಕೆ ಬೇಕಾಯಿತು? ಅದು ಕೋನಗಳನ್ನು ಉಳಿಸಿಕೊಳ್ಳುತ್ತದೆ. ನಾಲ್ಕು ರಸ್ತೆಗಳು ನೇರವಾಗಿ ಕೂಡುವ ವೃತ್ತ ಮೈಸೂರಿನಲ್ಲಿರಲಿ, ಓಸ್ಲೋ ನಗರದಲ್ಲಿರಲಿ, ಭೂಪಟದ ಮೇಲೆಯೂ ಅದು ನೇರವಾಗಿಯೇ ಕೂಡುತ್ತದೆ. ಉತ್ತರ ಯಾವಾಗಲೂ ಮೇಲಕ್ಕೇ ಇರುತ್ತದೆ. ಎರಡನೆಯ ಕಾರಣ ಲೆಕ್ಕದ ಅನುಕೂಲ. ಭೂಪಟವನ್ನು ಉತ್ತರ ದಕ್ಷಿಣಗಳಲ್ಲಿ ೮೫.೦೫ ಅಂಶಗಳಲ್ಲಿ ಕತ್ತರಿಸಿದರೆ ಇಡೀ ಜಗತ್ತು ಒಂದು ಸರಿಯಾದ ಚೌಕವಾಗುತ್ತದೆ. ಆ ಚೌಕವನ್ನು ನಾಲ್ಕಾಗಿ, ಅವುಗಳಲ್ಲಿ ಒಂದೊಂದನ್ನೂ ಮತ್ತೆ ನಾಲ್ಕಾಗಿ, ಹೀಗೆ ಒಡೆಯುತ್ತಾ ಹೋಗಬಹುದು. ಒಂದೊಂದು ತುಂಡೂ ಬದಿಗೆ ೨೫೬ ಪಿಕ್ಸೆಲ್‌ಗಳುಳ್ಳ ಒಂದು ಬಿಲ್ಲೆ. ಇದನ್ನು ಟೈಲ್ ಎನ್ನುವುದು ರೂಢಿ. ಹದಿನೈದು ಬಾರಿ ಒಡೆದಾಗ ಜಗತ್ತು ಸುಮಾರು ೧೦೭ ಕೋಟಿ ಟೈಲುಗಳಾಗುತ್ತದೆ. ನಾವು ಕೆರೆಯ ಮೇಲೆ ದೃಷ್ಟಿ ನೆಟ್ಟಾಗ ಬ್ರೌಸರ್ ಅವುಗಳಲ್ಲಿ ಹತ್ತಿಪ್ಪತ್ತನ್ನು ಮಾತ್ರ ತರಿಸಿಕೊಳ್ಳುತ್ತದೆ. ಹಳ್ಳಿಯ ಮಂದವಾದ ಅಂತರಜಾಲದಲ್ಲಿಯೂ ಭೂಪಟ ತೆರೆದುಕೊಳ್ಳುವ ಗುಟ್ಟು ಇದೇ.

ಹಾಗಾದರೆ ಬಿಟ್ಟುಕೊಟ್ಟದ್ದೇನು? ವಿಸ್ತೀರ್ಣ. ಎಷ್ಟನ್ನು ಬಿಟ್ಟುಕೊಟ್ಟಿತೆಂಬುದನ್ನು ಪ್ರೌಢಶಾಲೆಯ ತ್ರಿಕೋನಮಿತಿಯಿಂದಲೇ ಲೆಕ್ಕಹಾಕಬಹುದು. ಭೂಮಧ್ಯರೇಖೆ ಭೂಮಿಯ ತ್ರಿಜ್ಯವನ್ನೇ ತ್ರಿಜ್ಯವಾಗಿ ಉಳ್ಳ ವೃತ್ತ. ಬೆಂಗಳೂರಿನ ಮೂಲಕ ಹಾಯುವ ಅಕ್ಷಾಂಶವೂ ಒಂದು ವೃತ್ತವೇ. ಅದರ ತ್ರಿಜ್ಯ ಮಾತ್ರ ಚಿಕ್ಕದು, ಭೂಮಿಯ ತ್ರಿಜ್ಯವನ್ನು ಆ ಅಕ್ಷಾಂಶದ ಕೊಸೈನಿನಿಂದ ಗುಣಿಸಿದಷ್ಟು. ಮರ್ಕೇಟರನ ಭೂಪಟದಲ್ಲಿ ಈ ಎರಡು ವೃತ್ತಗಳನ್ನೂ ಒಂದೇ ಉದ್ದದ ಅಡ್ಡಗೆರೆಗಳಾಗಿ ಎಳೆಯುತ್ತಾರೆ. ಎಂದರೆ, ಚಿಕ್ಕ ವೃತ್ತವನ್ನು ದೊಡ್ಡದರ ಉದ್ದಕ್ಕೆ ಹಿಗ್ಗಿಸಿದಂತಾಯಿತು. ಹಿಗ್ಗಿದ ಪ್ರಮಾಣ, ಒಂದನ್ನು ಕೊಸೈನಿನಿಂದ ಭಾಗಿಸಿದಷ್ಟು. ಪೂರ್ವ ಪಶ್ಚಿಮವಾಗಿ ಮಾತ್ರ ಹಿಗ್ಗಿಸಿದರೆ ಆಕಾರ ಕೆಡುತ್ತದೆ. ಕೋನಗಳನ್ನು ಉಳಿಸಿಕೊಳ್ಳಬೇಕಾದರೆ ಉತ್ತರ ದಕ್ಷಿಣವಾಗಿಯೂ ಅಷ್ಟೇ ಹಿಗ್ಗಿಸಬೇಕು. ಆದುದರಿಂದ ವಿಸ್ತೀರ್ಣವು ಹಿಗ್ಗುವುದು ಆ ಪ್ರಮಾಣದ ವರ್ಗದಷ್ಟು.

ಬೆಂಗಳೂರಿನ ಅಕ್ಷಾಂಶ ೧೨.೯೭ ಅಂಶ. ಅದರ ಕೊಸೈನ್ ೦.೯೭೪೫, ವರ್ಗ ೦.೯೪೯೬, ಒಂದನ್ನು ಇದರಿಂದ ಭಾಗಿಸಿದರೆ ೧.೦೫೩. ಎಂದರೆ ಬೆಂಗಳೂರಿನ ಸುತ್ತಿನ ನೂರು ಹೆಕ್ಟೇರ್ ಭೂಮಿ ವೆಬ್ ಮರ್ಕೇಟರ್ ಹಾಳೆಯ ಮೇಲೆ ೧೦೫.೩ ಹೆಕ್ಟೇರ್ ಆಗಿ ಕಾಣುತ್ತದೆ. ಬೀದರಿನಲ್ಲಿ ಇದು ೧೧೦.೪. ಲೇಹ್ ಪಟ್ಟಣದಲ್ಲಿ ೧೪೬. ಓಸ್ಲೋ ಇರುವ ೬೦ ಅಂಶದ ಬಳಿ ಪೂರ್ತಿ ೪೦೦. ಗ್ರೀನ್‌ಲೆಂಡ್ ಆಫ್ರಿಕದಷ್ಟೇ ದೊಡ್ಡದಾಗಿ ಕಾಣುವುದಕ್ಕೂ ಇದೇ ಕಾರಣ. ವಾಸ್ತವವಾಗಿ ಆಫ್ರಿಕ ಅದರ ಹದಿನಾಲ್ಕರಷ್ಟಿದೆ. (ಭೂಮಿ ಪೂರ್ಣಗೋಳವಲ್ಲ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ. ಅದನ್ನು ಗಣನೆಗೆ ತಂದರೆ ನಮ್ಮ ಅಕ್ಷಾಂಶದಲ್ಲಿ ಈ ಅಂಕಿಗಳು ಇನ್ನು ಸುಮಾರು ಅರ್ಧ ಶೇಕಡದಷ್ಟು ಬದಲಾಗುತ್ತವೆ. ಇಲ್ಲಿಯ ಲೆಕ್ಕಕ್ಕೆ ಗೋಳವೇ ಸಾಕು.)

ಗ್ರೀನ್‌ಲೆಂಡಿನ ಕಥೆಯನ್ನು ಎಲ್ಲ ಪುಸ್ತಕಗಳಲ್ಲಿಯೂ ಓದುತ್ತೇವೆ. ಓದಿ, ಅದು ಹಿಮಪ್ರದೇಶದವರ ತೊಂದರೆ, ಉಷ್ಣವಲಯದ ನಮಗೇನು ಎಂದುಕೊಳ್ಳುತ್ತೇವೆ. ನಾನೂ ಹಾಗೆಯೇ ಎಂದುಕೊಂಡಿದ್ದವನು. ಹಲಗೆಯ ಮೇಲಿನ ಎರಡು ಅಂಕಿಗಳನ್ನು ಒಂದರಿಂದೊಂದನ್ನು ಭಾಗಿಸಿ ನೋಡಿದಾಗ ೧.೦೫೭ ಬಂದಿತು. ಕೆರೆ ಇರುವುದು ಹೆಚ್ಚುಕಡಮೆ ಬೆಂಗಳೂರಿನ ಅಕ್ಷಾಂಶದಲ್ಲಿ. ೧.೦೫೩ಕ್ಕೆ ಇಷ್ಟು ಹತ್ತಿರದ ಅಂಕಿಯನ್ನು ಕಂಡ ಮೇಲೆ ಸುಮ್ಮನಿರಲಾಗಲಿಲ್ಲ. “೨೦೧೬ರ ಅಂಚನ್ನು ನೀನೇ ಗುರುತಿಸಿದೆಯೇನು?” ಎಂದು ಕೇಳಿದೆನು.

ಅವನು ಗುರುತಿಸಿದುದಲ್ಲ. ಹಿಂದಿನ ತಂಡದ ಒಬ್ಬ ವಿದ್ಯಾರ್ಥಿ ಮಾಡಿಟ್ಟಿದ್ದ ಕೋಷ್ಟಕವನ್ನು ಇವನು ಪಡೆದಿದ್ದನು. ತರಿಸಿ ನೋಡಿದರೆ ಅದರಲ್ಲಿ ಅಂಶಗಳ ಬದಲು ಉದ್ದನೆಯ ಅಂಕಿಗಳಿದ್ದುವು: ಪೂರ್ವಕ್ಕೆ ೮೬ ಲಕ್ಷ ಚಿಲ್ಲರೆ, ಉತ್ತರಕ್ಕೆ ೧೪ ಲಕ್ಷ ಚಿಲ್ಲರೆ. ಇವು ವೆಬ್ ಮರ್ಕೇಟರ್ ಹಾಳೆಯ ಮೀಟರುಗಳು, ನೆಲದ ಮೀಟರುಗಳಲ್ಲ. ನಮ್ಮ ಹುಡುಗ ಇವನ್ನು ನೆಲದ ಮೀಟರುಗಳೆಂದೇ ನಂಬಿ, ನಿರ್ದೇಶಕ ರೇಖಾಗಣಿತದಲ್ಲಿ ಕಲಿತ ಸೂತ್ರವನ್ನು ಬಳಸಿ, ಅಕ್ಕಪಕ್ಕದ ಬಿಂದುಗಳ ಬೆಲೆಗಳನ್ನು ಅಡ್ಡಡ್ಡ ಗುಣಿಸಿ ಕಳೆದು ಅರ್ಧಮಾಡಿ ವಿಸ್ತೀರ್ಣವನ್ನು ತೆಗೆದಿದ್ದನು. ಗುಣಾಕಾರದಲ್ಲಿ ಒಂದು ತಪ್ಪೂ ಇರಲಿಲ್ಲ. ೨೦೨೪ರ ಅಂಚನ್ನಾದರೋ ಅವನೇ ಗುರುತಿಸಿ ಜಿಯೋಜೇಸನ್ ಡಾಟ್ ಐಒ ತಾಣಕ್ಕೆ ಕೊಟ್ಟಿದ್ದನು. ಆ ತಾಣ ವಿಸ್ತೀರ್ಣವನ್ನು ಲೆಕ್ಕಹಾಕುವುದು ಹಾಳೆಯ ಮೇಲಲ್ಲ, ಗೋಳದ ಮೈಮೇಲೆ. ಒಂದು ಕೆರೆಯನ್ನು ಹಿಗ್ಗಿದ ಗಜಕಡ್ಡಿಯಿಂದಲೂ ಇನ್ನೊಂದನ್ನು ಸರಿಯಾದ ಗಜಕಡ್ಡಿಯಿಂದಲೂ ಅಳೆದಂತಾಗಿತ್ತು.

ಹಳೆಯ ಬಿಂದುಗಳನ್ನು ಅಂಶಗಳಿಗೆ ತಿರುಗಿಸಿ ಅದೇ ತಾಣಕ್ಕೆ ಕೊಟ್ಟೆವು. ಮ್ಯಾಪ್‌ಶೇಪರಿನಂತಹ ಸಾಧನದಲ್ಲಿ ಈ ತಿರುಗಿಸುವ ಕೆಲಸ ಒಂದೇ ಆಜ್ಞೆಯಿಂದ ಆಗುತ್ತದೆ. ೭೯.೯ ಹೋಗಿ ೭೫.೯ ಹೆಕ್ಟೇರ್ ಬಂದಿತು. ಎಂಟು ವರ್ಷಗಳ ನಷ್ಟ ೪.೩ ಹೆಕ್ಟೇರಿನಿಂದ ೦.೩ಕ್ಕೆ, ಎಂದರೆ ಹತ್ತೂವರೆ ಎಕರೆಯಿಂದ ಸುಮಾರು ಮೂವತ್ತು ಗುಂಟೆಗೆ ಇಳಿದಿತ್ತು. ಹುಡುಗನ ಮುಖ ಬಾಡಿತು. ಪ್ರದರ್ಶನಕ್ಕೆ ನಾಲ್ಕು ದಿನಗಳಿವೆಯಷ್ಟೆ! ಸ್ವಲ್ಪ ಹೊತ್ತಿನ ಮೇಲೆ, “ಹಾಗಾದರೆ ಮೂವತ್ತು ಗುಂಟೆ ಒತ್ತುವರಿ ಎಂದು ಬರೆಯಲೇ ಸಾರ್?” ಎಂದನು.

ಈ ಪ್ರಶ್ನೆ ಮೊದಲನೆಯದಕ್ಕಿಂತ ಹೆಚ್ಚು ಸ್ವಾರಸ್ಯವಾದುದು.

ಸೆಂಟಿನೆಲ್-೨ ಚಿತ್ರದ ಒಂದು ಪಿಕ್ಸೆಲ್ ನೆಲದ ಮೇಲೆ ಹತ್ತು ಮೀಟರ್ ಬದಿಯ ಚೌಕ. ನಮ್ಮ ಗುಂಟೆಯೆಂದರೆ ೩೩ ಅಡಿ ಬದಿಯ ಚೌಕ. ೩೩ ಅಡಿಗೆ ೧೦.೦೬ ಮೀಟರ್. ಹೀಗಾಗಿ ಒಂದು ಪಿಕ್ಸೆಲ್ ಹೆಚ್ಚುಕಡಮೆ ಒಂದು ಗುಂಟೆ. ಇದು ಕಾಕತಾಳೀಯವೇ ಆದರೂ ನಮಗೆ ಬಹಳ ಅನುಕೂಲ. ಉಪಗ್ರಹ ಆಕಾಶದಿಂದ ಗುಂಟೆಗುಂಟೆಯಾಗಿ ನೆಲವನ್ನು ನೋಡುತ್ತಿದೆ ಎಂದು ಹಳ್ಳಿಯವರಿಗೆ ಹೇಳಿದರೆ ಒಡನೆಯೇ ಅರ್ಥವಾಗುತ್ತದೆ. ಆದರೆ ಒಂದು ಗುಂಟೆಯೊಳಗೆ ಅರ್ಧ ನೀರು, ಅರ್ಧ ನೆಲ ಇದ್ದರೆ ಉಪಗ್ರಹಕ್ಕೆ ಅವೆರಡೂ ಬೆರೆತ ಒಂದೇ ಬಣ್ಣ ಕಾಣುತ್ತದೆ. ಆ ಗುಂಟೆಯಲ್ಲಿ ಅಂಚು ಎಲ್ಲಿ ಹಾಯುತ್ತದೆಂಬುದನ್ನು ಗೆರೆ ಎಳೆಯುವವನು ಊಹಿಸಬೇಕು. ಊಹೆ ಅರ್ಧ ಪಿಕ್ಸೆಲಿನಷ್ಟು, ಎಂದರೆ ಐದು ಮೀಟರ್, ತಪ್ಪಬಹುದೆಂದು ಇಟ್ಟುಕೊಳ್ಳೋಣ.

ಕೆರೆಯನ್ನು ವೃತ್ತಾಕಾರವೆಂದು ಭಾವಿಸಿದರೆ ೭೬ ಹೆಕ್ಟೇರಿಗೆ ತ್ರಿಜ್ಯ ಸುಮಾರು ೪೯೨ ಮೀಟರ್, ಪರಿಧಿ ಸುಮಾರು ೩೦೯೦ ಮೀಟರ್. ಸುತ್ತಲೂ ಐದು ಮೀಟರ್ ಒಳಕ್ಕೋ ಹೊರಕ್ಕೋ ಸರಿದರೆ ವಿಸ್ತೀರ್ಣದಲ್ಲಿ ೧೫,೪೫೦ ಚದರ ಮೀಟರ್, ಎಂದರೆ ಒಂದೂವರೆ ಹೆಕ್ಟೇರಿನಷ್ಟು ವ್ಯತ್ಯಾಸ. ಇದು ಶೇಕಡ ಎರಡು. ನಿಜವಾದ ಕೆರೆ ವೃತ್ತಾಕಾರವಲ್ಲ; ಅದರ ಅಂಚು ಬಳುಕಿ ಬಳುಕಿ ಹೋಗುವುದರಿಂದ ಪರಿಧಿ ಇನ್ನೂ ಹೆಚ್ಚು, ವ್ಯತ್ಯಾಸವೂ ಹೆಚ್ಚು. ಗೆರೆ ಎಳೆಯುವವನ ಕೈ ಕೆಲವೆಡೆ ಒಳಕ್ಕೂ ಕೆಲವೆಡೆ ಹೊರಕ್ಕೂ ತಪ್ಪಿದರೆ ಈ ದೋಷಗಳು ಬಹುಮಟ್ಟಿಗೆ ಒಂದನ್ನೊಂದು ಅಳಿಸಿಹಾಕುತ್ತವೆ. ಆದರೆ ೨೦೧೬ರ ಅಂಚನ್ನು ಎಳೆದವನು ಒಬ್ಬ, ೨೦೨೪ರದನ್ನು ಎಳೆದವನು ಇನ್ನೊಬ್ಬ. ಒಬ್ಬನಿಗೆ ಜೌಗುನೆಲವನ್ನು ಕೆರೆಗೆ ಸೇರಿಸುವ ಅಭ್ಯಾಸ, ಮತ್ತೊಬ್ಬನಿಗೆ ಬಿಡುವ ಅಭ್ಯಾಸ ಇದ್ದರೆ ದೋಷವೆಲ್ಲ ಒಂದೇ ಕಡೆಗೆ ವಾಲುತ್ತದೆ. ಹೀಗಿರಲು ೦.೩ ಹೆಕ್ಟೇರಿನ ಅಂತರಕ್ಕೆ ಯಾವ ಅರ್ಥವೂ ಇಲ್ಲ. ಕೆರೆ ಚಿಕ್ಕದಾದಷ್ಟೂ ಈ ತೊಂದರೆ ಹೆಚ್ಚು: ನಾಲ್ಕು ಹೆಕ್ಟೇರಿನ ಒಂದು ಕಟ್ಟೆಯಲ್ಲಿ ಅದೇ ಐದು ಮೀಟರಿನ ತಪ್ಪು ವಿಸ್ತೀರ್ಣವನ್ನು ಶೇಕಡ ಒಂಬತ್ತರಷ್ಟು ಬದಲಿಸುತ್ತದೆ. ವೃತ್ತಕ್ಕಾದರೆ, ಅಂಚಿನ ತಪ್ಪಿನ ಎರಡರಷ್ಟನ್ನು ತ್ರಿಜ್ಯದಿಂದ ಭಾಗಿಸಿದರೆ ಈ ಪ್ರಮಾಣ ಸಿಗುತ್ತದೆ. ಓದುಗರು ಇದನ್ನು ತಾವೇ ಸಾಧಿಸಿ ನೋಡಬಹುದು.

ಕೈಯ ಊಹೆಯನ್ನು ಬಿಟ್ಟು ನೀರನ್ನು ಬೆಳಕಿನಿಂದಲೇ ಗುರುತಿಸುವ ಉಪಾಯವೊಂದಿದೆ. ಭೌತವಿಜ್ಞಾನದ ದೃಷ್ಟಿಯಿಂದ ನನಗೆ ಈ ಭಾಗ ತುಂಬ ಪ್ರಿಯವಾದುದು. ನೀರು ಹಸುರು ಬೆಳಕನ್ನು ಅಲ್ಪಸ್ವಲ್ಪವಾದರೂ ಹಿಂದಕ್ಕೆ ಕಳುಹಿಸುತ್ತದೆ. ಕೆಂಪಿನಾಚೆಯ, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಬಹುಮಟ್ಟಿಗೆ ಹೀರಿಬಿಡುತ್ತದೆ. ಗಿಡದ ಎಲೆ ಇದಕ್ಕೆ ವಿರುದ್ಧ. ಅವಕೆಂಪನ್ನು ಧಾರಾಳವಾಗಿ ಪ್ರತಿಫಲಿಸುತ್ತದೆ. ಸೆಂಟಿನೆಲ್-೨ ಬೆಳಕನ್ನು ಹದಿಮೂರು ಪಟ್ಟಿಗಳಾಗಿ ವಿಂಗಡಿಸಿ ನೋಡುತ್ತದೆ. ಅವುಗಳಲ್ಲಿ ಮೂರನೆಯದು ಹಸುರು, ಎಂಟನೆಯದು ಸಮೀಪದ ಅವಕೆಂಪು. ಹಸುರಿನಿಂದ ಅವಕೆಂಪನ್ನು ಕಳೆದು, ಅವೆರಡರ ಮೊತ್ತದಿಂದ ಭಾಗಿಸಿದರೆ ಬರುವ ಅಂಕಿಗೆ ಜಲಸೂಚ್ಯಂಕವೆನ್ನೋಣ. ಮೆಕ್‌ಫೀಟರ್ಸ್ ಎಂಬ ವಿಜ್ಞಾನಿ ೧೯೯೬ರಲ್ಲಿ ಇದನ್ನು ಸೂಚಿಸಿದನು. ಉದಾಹರಣೆಗೆ, ನೀರು ಹಸುರಿನ ೬ ಪಾಲನ್ನೂ ಅವಕೆಂಪಿನ ೨ ಪಾಲನ್ನೂ ಹಿಂದಿರುಗಿಸಿತೆನ್ನಿ. ಸೂಚ್ಯಂಕ ೪/೮, ಎಂದರೆ ೦.೫. ಪೈರು ಹಸುರಿನ ೮ ಪಾಲನ್ನೂ ಅವಕೆಂಪಿನ ೪೦ ಪಾಲನ್ನೂ ಹಿಂದಿರುಗಿಸಿದರೆ ಸೂಚ್ಯಂಕ ಋಣ ೦.೬೭. ಸೊನ್ನೆಗಿಂತ ಮೇಲಿರುವುದು ನೀರು, ಕೆಳಗಿರುವುದು ನೆಲ ಎಂದು ಸ್ಥೂಲವಾಗಿ ವಿಂಗಡಿಸಬಹುದು. ಮೊತ್ತದಿಂದ ಭಾಗಿಸುವುದೇಕೆಂದರೆ, ಬಿಸಿಲು ಹೆಚ್ಚಾದರೂ ಕಡಮೆಯಾದರೂ ಮೇಲಿನದೂ ಕೆಳಗಿನದೂ ಒಟ್ಟಿಗೆ ಏರಿಳಿಯುವುದರಿಂದ ಬಿಸಿಲಿನ ಪ್ರಭಾವ ಬಹುಪಾಲು ತಪ್ಪಿಹೋಗುತ್ತದೆ. ಕೊಪರ್ನಿಕಸ್ ಬ್ರೌಸರಿನಲ್ಲಿ ಒಂದು ಗುಂಡಿಯನ್ನು ಒತ್ತಿದರೆ ಈ ಲೆಕ್ಕವೆಲ್ಲ ಕ್ಷಣಾರ್ಧದಲ್ಲಿ ಮುಗಿದು ಕೆರೆ ನೀಲಿಯಾಗಿ ಎದ್ದುಕಾಣುತ್ತದೆ.

ಆದರೂ ಎಚ್ಚರ ತಪ್ಪುವಂತಿಲ್ಲ. ನಮ್ಮ ಕೆರೆಗಳಲ್ಲಿ ಅಂತರಗಂಗೆಯಂತಹ ಜಲಕಳೆ ಹಬ್ಬಿದ್ದರೆ ಉಪಗ್ರಹಕ್ಕೆ ಕಾಣುವುದು ಎಲೆಯೇ ಹೊರತು ನೀರಲ್ಲ. ಸೂಚ್ಯಂಕ ಅದನ್ನು ನೆಲವೆಂದು ಸಾರುತ್ತದೆ. ಕೆರೆ ತುಂಬಿದ್ದರೂ ಬತ್ತಿದಂತೆ ತೋರುತ್ತದೆ. ಮಳೆ ಚೆನ್ನಾಗಿ ಬಂದ ವರ್ಷದ ಜನವರಿಯನ್ನು ಬರಗಾಲದ ಜನವರಿಯೊಡನೆ ಹೋಲಿಸಿದರೆ ನೀರಿನ ಹರವು ಕಡಮೆಯಾಗಿರುವುದು ಸಹಜ. ಅದಕ್ಕೆ ಒತ್ತುವರಿಯೆಂದು ಹೆಸರಿಡಲಾಗದು. ನೀರಿನ ಅಂಚೇ ಬೇರೆ, ಕೆರೆಯಂಗಳದ ಅಂಚೇ ಬೇರೆ, ದಾಖಲೆಯಲ್ಲಿರುವ ಕೆರೆಯ ಗಡಿಯೇ ಬೇರೆ. ಮೂರನೆಯದನ್ನು ಯಾವ ಉಪಗ್ರಹವೂ ನೋಡಲಾರದು. ಅದು ಇರುವುದು ಗ್ರಾಮನಕ್ಷೆಯಲ್ಲಿ ಮತ್ತು ನೆಲದ ಮೇಲಿನ ಬಾಂದುಕಲ್ಲುಗಳಲ್ಲಿ.

ಇಷ್ಟನ್ನು ಹೇಳಿದ ಮೇಲೆ ಹುಡುಗನಿಗೆ ಹೊಸ ಉತ್ಸಾಹ ಬಂದಿತು. ಗಡಿಯನ್ನೇ ತಿಳಿಯಬೇಕೆಂದು ಭಾರತ ಸರ್ವೇಕ್ಷಣಾ ಇಲಾಖೆಯ ಹಳೆಯ ಹಾಳೆಯ ಪ್ರತಿಯೊಂದನ್ನು ಎಲ್ಲಿಂದಲೋ ತಂದು, ಅದರ ಮೇಲಿನ ಅಕ್ಷಾಂಶ ರೇಖಾಂಶಗಳನ್ನು ಇಂದಿನ ಉಪಗ್ರಹಚಿತ್ರದ ಮೇಲೆ ಕೂಡಿಸಿದನು. ಈ ಬಾರಿ ಕೆರೆ ಕುಗ್ಗಿರಲಿಲ್ಲ; ನೂರಾರು ಅಡಿ ಪಕ್ಕಕ್ಕೆ ಸರಿದಿತ್ತು! ಏರಿ, ಕೋಡಿ, ಪಕ್ಕದ ದೇವಸ್ಥಾನ ಎಲ್ಲವೂ ಒಟ್ಟಿಗೆ ಸರಿದಿದ್ದುವು. ಇದರ ಕಾರಣ ಚರಿತ್ರೆಯಲ್ಲಿದೆ. ವಿಲಿಯಂ ಲ್ಯಾಂಬ್ಟನ್ ೧೮೦೦ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಸರಪಳಿಯಿಂದ ಅಳೆದನು. ೧೮೦೨ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಇನ್ನೊಂದನ್ನು ಅಳೆದು ಮಹಾ ತ್ರಿಕೋನಮಾಪನವನ್ನು ಆರಂಭಿಸಿದನು. ಅವನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟನು ೧೮೩೦ರಲ್ಲಿ, ಈ ಮಾಪನಗಳ ಆಧಾರದ ಮೇಲೆ, ಭಾರತಕ್ಕೆ ಚೆನ್ನಾಗಿ ಹೊಂದುವಂತೆ ಭೂಮಿಯ ಆಕಾರವನ್ನು ನಿರ್ಧರಿಸಿದನು. ಹಳೆಯ ಹಾಳೆಗಳು ಆ ಆಕಾರವನ್ನು ನಂಬಿ ರಚಿತವಾದುವು. ಇಂದಿನ ಉಪಗ್ರಹಗಳೂ ನಮ್ಮ ಕೈಫೋನುಗಳೂ ಇಡೀ ಭೂಮಿಗೆ ಹೊಂದುವ, ೧೯೮೪ರ ಹೆಸರನ್ನು ಹೊತ್ತ ಇನ್ನೊಂದು ಆಕಾರವನ್ನು ನಂಬುತ್ತವೆ. ಒಂದರ ಅಕ್ಷಾಂಶ ರೇಖಾಂಶಗಳನ್ನು ಪರಿವರ್ತಿಸದೆ ಇನ್ನೊಂದರ ಮೇಲಿಟ್ಟರೆ ನಮ್ಮ ಪ್ರಾಂತದಲ್ಲಿ ನೂರು ಮೀಟರಿಗೂ ಹೆಚ್ಚಾಗಿ ಸ್ಥಾನಪಲ್ಲಟವಾಗುತ್ತದೆ. ಇದನ್ನರಿಯದವನು ಪಕ್ಕದ ಹೊಲದವನು ಕೆರೆಯೊಳಗೆ ನೂರು ಮೀಟರ್ ನುಗ್ಗಿದ್ದಾನೆಂದು ಆಣೆಯಿಟ್ಟು ಹೇಳಬಹುದು.

ಸ್ವಂತವಾಗಿ ಮೀಟರುಗಳಲ್ಲಿ ಲೆಕ್ಕಹಾಕಬಯಸುವವರಿಗೆ ಯುಟಿಎಂ ಎಂಬ ಪ್ರಕ್ಷೇಪವಿದೆ. ಅದು ಭೂಮಿಯನ್ನು ಆರಾರು ಅಂಶ ರೇಖಾಂಶದ ಪಟ್ಟಿಗಳಾಗಿ ಸೀಳಿ ಒಂದೊಂದಕ್ಕೂ ಬೇರೆ ಹಾಳೆಯನ್ನು ಹೊಂದಿಸುತ್ತದೆ. ಕರ್ನಾಟಕದ ಹೆಚ್ಚಿನ ಭಾಗ ೪೩ನೆಯ ಪಟ್ಟಿಯಲ್ಲಿದೆ. ಕೋಲಾರದಂತೆ ೭೮ ಅಂಶಕ್ಕಿಂತ ಪೂರ್ವದಲ್ಲಿರುವ ಊರುಗಳು ೪೪ನೆಯದಕ್ಕೆ ಸೇರುತ್ತವೆ. ಬೆಂಗಳೂರಿನಲ್ಲಿ ಇದರ ವಿಸ್ತೀರ್ಣದ ದೋಷ ಸಾವಿರಕ್ಕೆ ಒಂದರಷ್ಟು ಮಾತ್ರ. ನಮ್ಮ ಕೆರೆಗೆ ಇದು ಹತ್ತು ಗುಂಟೆಯೂ ಆಗುವುದಿಲ್ಲ.

ಕೆರೆಯ ಇನ್ನೂ ಹಿಂದಿನ ಸ್ಥಿತಿಯನ್ನು ತಿಳಿಯಬೇಕೆನ್ನುವವರು ಗ್ಲೋಬಲ್ ಸರ್ಫೇಸ್ ವಾಟರ್ ಎಂಬ ಭೂಪಟವನ್ನು ತೆರೆದು ನೋಡಬೇಕು. ಲ್ಯಾಂಡ್‌ಸ್ಯಾಟಿನ ಸುಮಾರು ಮೂವತ್ತು ಲಕ್ಷ ಚಿತ್ರಗಳನ್ನು ಜರಡಿಹಿಡಿದು, ೧೯೮೪ರಿಂದೀಚೆಗೆ ಭೂಮಿಯ ಯಾವ ತುಣುಕಿನಲ್ಲಿ ಎಷ್ಟು ಕಾಲ ನೀರು ನಿಂತಿತ್ತೆಂಬುದನ್ನು ಯುರೋಪಿನ ವಿಜ್ಞಾನಿಗಳು ಲೆಕ್ಕಹಾಕಿ ೨೦೧೬ರಲ್ಲಿ ಪ್ರಕಟಿಸಿದರು. ಅದರ ತುಣುಕು ಮೂವತ್ತು ಮೀಟರಿನದು, ಎಂದರೆ ಒಂಬತ್ತು ಗುಂಟೆಯದು. ಚಿಕ್ಕ ಕಟ್ಟೆಗಳಿಗೆ ಅದು ಒರಟಾಯಿತು. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ನಿಮ್ಮ ಊರಿನ ಕೆರೆ ಇದೆಯೇ, ಇದ್ದರೆ ಅದರ ಕನ್ನಡದ ಹೆಸರು ಸೇರಿದೆಯೇ ಎಂಬುದನ್ನೂ ನೋಡಿರಿ. ಕನ್ನಡ ಹೆಸರಿಗೆ ಅದರಲ್ಲಿ ಪ್ರತ್ಯೇಕ ಸ್ಥಾನವಿದೆ, ಬರೆಯುವವರು ಬೇಕಷ್ಟೆ.

ಪ್ರದರ್ಶನದ ದಿನ ಹಲಗೆಯ ಮೇಲೆ ಕೆಂಪು ತಲೆಬರಹವಿರಲಿಲ್ಲ. ಹುಡುಗನು ಎರಡೂ ಚಿತ್ರಗಳ ಅಂಚನ್ನು ತಾನೇ ಹೊಸದಾಗಿ ಎಳೆದು, ಗೆಳೆಯನೊಬ್ಬನಿಂದಲೂ ಪ್ರತ್ಯೇಕವಾಗಿ ಎಳೆಯಿಸಿ, ನಾಲ್ಕು ಅಳತೆಗಳನ್ನೂ ಅವುಗಳ ದೋಷದ ಪ್ರಮಾಣವನ್ನೂ ಬರೆದಿದ್ದನು. ಕೆಳಗೆ, ‘೨೦೧೬ರಿಂದ ೨೦೨೪ರ ವರೆಗೆ ಈ ವಿಧಾನದಿಂದ ಕಾಣಬಲ್ಲಷ್ಟು ಬದಲಾವಣೆ ಇಲ್ಲ, ಒಂದೂವರೆ ಹೆಕ್ಟೇರಿಗಿಂತ ಕಡಮೆಯಾದುದನ್ನು ಈ ವಿಧಾನ ಕಾಣಲಾರದು’ ಎಂದಿತ್ತು. ನೋಡಲು ಬಂದವರಲ್ಲಿ ಅವನ ಊರಿನ ವೃದ್ಧರೊಬ್ಬರಿದ್ದರು, ಮೂಡಲ ಅಂಚಿನ ರಾಗಿಹೊಲದವರು. ಕನ್ನಡಕವನ್ನು ಸರಿಪಡಿಸಿಕೊಂಡು ಹಲಗೆಯನ್ನು ಬಹಳ ಹೊತ್ತು ಓದಿದರು. ಆಮೇಲೆ, “ಒಂದೂವರೆ ಹೆಕ್ಟೇರ್ ಅಂದರೆ ಮೂರು ಮುಕ್ಕಾಲು ಎಕರೆ ಆಯಿತಲ್ಲಪ್ಪ, ಅದರೊಳಗಿನದನ್ನು ತಿಳಿಯುವುದು ಹೇಗೆ?” ಎಂದು ಕೇಳಿದರು. “ಸರಪಳಿ ಹಿಡಿದು ಅಳೆಯಬೇಕು ತಾತ” ಎಂದನು ಹುಡುಗ. ಬೇಸಿಗೆಯ ರಜೆಯಲ್ಲಿ ಬಾಂದುಕಲ್ಲುಗಳನ್ನು ಹುಡುಕಲು ತಾವೂ ಜೊತೆಗೆ ಬರುವುದಾಗಿ ಅವರು ಹೇಳಿಹೋದರು.